ಅಳಿಯನಿಗೊಂದು ಕೇಕು

ಸ್ಟೌ ರಿಪೇರಿ ಅಂಗಡಿಯಲ್ಲಿ ಕುಕ್ಕರ್ ಹಿಡಿದು ಕಾಯುತ್ತಿದ್ದ ಟೀಚರಮ್ಮನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು.

“ಗ್ಯಾಸ್ ಓವನ್ ಹೊತ್ತಿಕೊಳ್ಳುತ್ತಪ್ಪ, ಗುಂಡಿ ಬಿಟ್ಟ ಕೂಡಲೇ ಆರಿಹೋಗುತ್ತೆ,” ಎಂದರು ಯಜಮಾನರು.

“ಎಷ್ಟು ಹೊತ್ತು ಒತ್ತಿ ಹಿಡೀತೀರಿ ಸಾರ್?” ಎಂದ ಮೆಕ್ಯಾನಿಕ್.

“ಹೊತ್ತಿದ ಮೇಲೆ ಯಾಕೆ ಹಿಡೀಬೇಕು?”

“ಉರಿ ಪಕ್ಕ ಒಂದು ಕಡ್ಡಿ ಇರುತ್ತೆ. ಅದು ಬಿಸಿ ಆಗೋ ತನಕ ಹಿಡೀಬೇಕು, ಇಲ್ಲಾಂದ್ರೆ ಗ್ಯಾಸ್ ತಾನಾಗೇ ನಿಂತುಹೋಗುತ್ತೆ. ನಿಧಾನಕ್ಕೆ ಇಪ್ಪತ್ತು ಎಣಿಸಿ. ಆಮೇಲೂ ಆರಿದ್ರೆ ನಾನೇ ಬಂದು ನೋಡ್ತೀನಿ.”

ಹೆಂಡತಿ ನಕ್ಕರು. “ಇವರಾ? ಮೂರು ಎಣಿಸೋಷ್ಟರಲ್ಲೇ ರೇಗಿಬಿಡ್ತಾರೆ. ಮಗಳು ಮದುವೆ ಆಗ್ತೀನಿ ಅಂದಾಗ ಹುಡುಗನ ಹೆಸರು ಕೇಳೋಷ್ಟೂ ತಾಳ್ಮೆ ಇರ್ಲಿಲ್ಲ, ಫೋನ್ ಇಟ್ಟುಬಿಟ್ರು.”

“ಅದೆಲ್ಲ ಇಲ್ಲಿ ಯಾಕೆ ಕಣೇ?”

“ಸಂಜೆ ಅಳಿಯ ಮೊದಲನೇ ಸಲ ಮನೆಗೆ ಬರ್ತಿದ್ದಾನಪ್ಪ. ಇವರು ಕೇಕು ಮಾಡ್ತೀನಿ ಅಂತ ಬೆಳಗ್ಗೆಯಿಂದ ನನ್ನನ್ನ ಅಡುಗೆಮನೆಗೇ ಬಿಟ್ಟಿಲ್ಲ.”

ಮೆಟ್ಟಿಲಿಳಿಯುತ್ತಿದ್ದ ಯಜಮಾನರು ಥಟ್ಟನೆ ನಿಂತರು.

“ಅಲ್ವೇ, ಅವನಿಗೆ ಸಿಹಿ ಇಷ್ಟ ತಾನೇ?”

“ನನ್ನನ್ಯಾಕೆ ಕೇಳ್ತೀರಿ? ಅವನನ್ನೇ ಕೇಳಿ.”

ಅವರು ಕತ್ತು ಕೆರೆದುಕೊಂಡರು. ಜೇಬಿನಿಂದ ಫೋನು ತೆಗೆದರು.

“ನಂಬರ್ ಹೇಳು.”

ಹೆಂಡತಿ ಬಾಯಿಪಾಠ ಒಪ್ಪಿಸಿದಂತೆ ಹೇಳುತ್ತಾ ಅವರ ಜೊತೆ ನಡೆದರು. ಟೀಚರಮ್ಮನಿಗೆ ಕೇಳಿಸಿದ್ದು ಮೊದಲ ಐದು ಅಂಕಿ ಮಾತ್ರ.