ತಂದಾಗ ಎಷ್ಟಿತ್ತು?

ಇದು ಶಾಲೆಗಳಲ್ಲಿ ಪರೀಕ್ಷೆಯ ಫಲಿತಾಂಶ ಕೊಟ್ಟ ವಾರ. ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಅತ್ತು ಮಲಗಿದ್ದಾರೆ ಎಂದು ನಾನು ಕೇಳುವುದಿಲ್ಲ. ಒಂದು ಕಥೆ ಹೇಳುತ್ತೇನೆ.

ಟಗರು ಮಾರಿಯೇ ಶ್ರೀಮಂತನಾದ ಒಬ್ಬ ಸಾವಕಾರನಿದ್ದ, ಒಂದೂರಲ್ಲಿ. ಬಡಕಲು ಮರಿ ಕೊಂಡು ತರುವುದು, ಮೇಯಿಸಿ ಕೊಬ್ಬಿಸಿ ಮಾರುವುದು ಅವನ ಕಸುಬು. ಅಕ್ಷರ ಕಲಿತವನಲ್ಲ. ಆದರೆ ಸಂತೆಯಲ್ಲಿ ಯಾರಾದರೂ ತಮ್ಮ ಟಗರಿನ ಬೆನ್ನು ತಟ್ಟಿ ಮೀಸೆ ತಿರುವಿದರೆ ಅವನ ಮೊದಲ ಮಾತು ಒಂದೇ: "ತಂದಾಗ ಎಷ್ಟಿತ್ತು?" ಕೊಬ್ಬಿದ್ದನ್ನೇ ತಂದು ಕೊಬ್ಬಿದ್ದನ್ನೇ ತೋರಿಸಿದರೆ ಮೇಯಿಸಿದವನ ಹೆಚ್ಚುಗಾರಿಕೆ ಏನು? ಇದು ಅವನಿಗೆ ಗೊತ್ತಿತ್ತು. ನೋಡಿ, ಚೆನ್ನಾಗಿ ಗೊತ್ತಿತ್ತು.

ಅವನ ಮಗಳು ಮೂರನೆಯ ತರಗತಿ. ಮೊದಲ ಎರಡು ವರ್ಷ ಅಜ್ಜಿಯ ಊರಲ್ಲಿದ್ದು ಶಾಲೆಗೆ ಹೋದದ್ದಕ್ಕಿಂತ ತಪ್ಪಿಸಿದ್ದೇ ಹೆಚ್ಚು. ಫಲಿತಾಂಶದ ಕಾರ್ಡನ್ನು ಸಾವಕಾರ ಕಿರಾಣಿ ಅಂಗಡಿಯವನಿಂದ ಓದಿಸಿದ. ನೂರಕ್ಕೆ ಮೂವತ್ತೆಂಟು. ಅಂಗಡಿಯವನ ಮಗನಿಗೆ ಎಂಬತ್ತೆರಡು.

"ಸಾವಕಾರ್ರ, ಟಗರಿಗೆ ಹಾಕೂ ಹುರಳಿ ಒಂದೀಟು ಮಗಳಿಗೂ ಹಾಕ್ರಲಾ," ಅಂದ ಅಂಗಡಿಯವ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಸಾವಕಾರ ನಗಲಿಲ್ಲ. ಮರುದಿನ ಬೆಳಿಗ್ಗೆ ಮಗಳ ರಟ್ಟೆ ಹಿಡಿದು ಶಾಲೆಗೆ ಬಂದ.

"ಅಕ್ಕೋರ, ಈಕಿ ಹೆಸರು ಹೊಡದು ಹಾಕ್ರಿ. ವಿದ್ಯಾ ಈಕಿ ಹಣ್ಯಾಗ ಬರದಿಲ್ಲ. ಕುರಿ ಕಾಯಾಕ ಕಳಸ್ತೀನಿ."

ಟೀಚರು ಅವನು ಚಾಚಿದ ಕಾರ್ಡನ್ನು ಮುಟ್ಟಲಿಲ್ಲ.

"ತಂದಾಗ ಎಷ್ಟಿತ್ರಿ?"

"ಏನು?"

"ಸಂತ್ಯಾಗ ಎಲ್ಲಾರ್ನೂ ಕೇಳ್ತೀರಲ್ಲ, ಅದಾ. ಜೂನಿನಾಗ ಈಕೀನ ತಂದು ಬಿಟ್ಟಾಗ ಎಷ್ಟಿತ್ತು?"

ಟೀಚರು ಹುಡುಗಿಗೆ ಬಾಗಿಲ ಮೇಲಿನ ಬೋರ್ಡು ತೋರಿಸಿದರು. ಅವಳು ಒಂದೊಂದೇ ಅಕ್ಷರ ಕೂಡಿಸಿ "ಸರಕಾರಿ ಹಿರಿಯ" ಎಂದು ಓದಿ, 'ಪ್ರಾಥಮಿಕ'ದ 'ಪ್ರಾ' ಬಂದಲ್ಲಿ ನಿಂತಳು.

"ನಿಂತ್ಲಲ್ರಿ," ಅಂದ ಸಾವಕಾರ.

"ಹೌದ್ರಿ, ಒತ್ತಕ್ಷರ ಇನ್ನೂ ಬರೂದಿಲ್ಲ. ಜೂನಿನಾಗ 'ಸ' ದಾಗ ನಿಂತಿದ್ಲು. ಜೂನಿನ ಪರೀಕ್ಷ್ಯಾಗ ಅಂಗಡ್ಯಾರ ಹುಡುಗ ಎಂಬತ್ತರಾಗಿದ್ದ, ಈಗ ಎಂಬತ್ತೆರಡರಾಗ ಅದಾನ. ಈಕಿ ನಾಕರಿಂದ ಮೂವತ್ತೆಂಟಕ್ಕ ಏರ್ಯಾಳ. ಮೂವತ್ತೆಂಟು ಸಾಲತೈತಿ ಅಂತ ಹೇಳೂದಿಲ್ಲ ನಾ. ಸಾಲೂದಿಲ್ಲ. ಆದ್ರ ಮೈ ತುಂಬಾಕ ಹತ್ತಿದ ಮರೀನ ಯಾರರ ನಡುವ ಮಾರ್ತಾರೇನ್ರಿ?"

ಸಾವಕಾರ ಬೋರ್ಡಿನ ಕಡೆ ನೋಡಿದ. ಅದರಲ್ಲಿ 'ಸ' ಯಾವುದೆಂದೂ ಅವನಿಗೆ ತಿಳಿಯದು.

"ಒತ್ತಕ್ಷರ ಬರಾಕ ಏನ್ ಮಾಡಬೇಕ್ರಿ?"

"ದಿನಾ ಸಂಜೀಕ ಓದಸ್ರಿ. ಮುಂದ ಕುಂತು ಕೇಳ್ರಿ."

"ನನಗ ಓದಾಕ ಬರೂದಿಲ್ಲ."

"ಕೇಳಾಕ ಬರತೈತಲ್ಲ. ಎಲ್ಲಿ ನಿಂತ್ಲು ಅನ್ನೂದು ಕಿವಿಗೇ ತಿಳೀತೈತಿ. ಅದನ್ನ ನನಗ ಹೇಳಿ ಕಳಸ್ರಿ, ಸಾಕು."

ಸಾವಕಾರ ಮಗಳ ರಟ್ಟೆ ಬಿಟ್ಟ. ಅವಳು ಒಳಗೆ ಓಡಿ ತನ್ನ ಜಾಗದಲ್ಲಿ ಕೂತಳು.

ಕಥೆ ಸಾವಕಾರನದು, ಕಾರ್ಡು ನಿಮ್ಮದು. ಮನೆಗೆ ಹೋಗಿ ಅದನ್ನು ತೆಗೆಯಿರಿ. ಪಕ್ಕದ ಮನೆಯ ಹುಡುಗನಿಗೆ ಎಷ್ಟು ಎಂದು ಕೇಳಲು ನಾಲಿಗೆ ತುರಿಸುತ್ತದೆ, ಕಚ್ಚಿ ಹಿಡಿಯಿರಿ. ತಂದಾಗ ಎಷ್ಟಿತ್ತು? ಮೊದಲು ಅದನ್ನು ಕೇಳಿ. ಮಗು ಏರಿದ್ದರೆ ಆ ಮಾತನ್ನು ಮಗುವಿನ ಎದುರಿಗೇ ಆಡಿ. ಏರಿಲ್ಲವೇ? ತೊಂಬತ್ತು ಬಂದಿದ್ದರೂ ಬೀಗಬೇಡಿ, ಶಾಲೆಗೆ ಹೋಗಿ ಯಾಕೆ ಎಂದು ವಿಚಾರಿಸಿ. ಕಡಿಮೆ ಇದ್ದರೆ ಹಣೆಬರಹ ಎನ್ನಬೇಡಿ, ಯಾವ ಅಕ್ಷರದಲ್ಲಿ, ಯಾವ ಲೆಕ್ಕದಲ್ಲಿ ನಿಂತಿದೆ ಎಂದು ಹುಡುಕಿ. ಇವತ್ತು ಸಂಜೆಯೇ ಟಿವಿ ಆರಿಸಿ, ಮಗುವಿನ ಮುಂದೆ ಕೂತು, ಅದು ಓದುವುದನ್ನು ಕೇಳಿ. ಓದು ಬಾರದು ಎಂಬ ನೆಪ ಬೇಡ. ಕಿವಿ ಇದೆಯಲ್ಲ?

ಟಗರಿಗೆ ಕೊಡುವ ನ್ಯಾಯವನ್ನಾದರೂ ಮಗುವಿಗೆ ಕೊಡಿ.