ನಾದಿನಿ ಕೊಳ್ಳುವ ಫೋನು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಯಾರೋ ಅತ್ತಿಗೆ, ನಾದಿನಿ ಕೂತಿದ್ದರು. ನಾದಿನಿಯ ಫೋನು ಬಚ್ಚಲಿನ ಬಕೆಟ್ಟಿಗೆ ಬಿದ್ದು ಸತ್ತಿತ್ತಂತೆ. ಹೊಸದಕ್ಕಾಗಿ ಅಂಗಡಿಯ ಕರಪತ್ರವೊಂದನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು.

“ನನಗೆ ಇದೇ ಸಾಕು ಅತ್ತಿಗೆ. ನೀವು ತೋರಿಸ್ತಿರೋದು ತುಂಬಾ ದುಬಾರಿ.”

“ದುಡ್ಡಿನ ಮುಖ ನೋಡ್ಬೇಡ. ಅದರ ಬ್ಯಾಟರಿ ಎರಡು ದಿನ ಬರುತ್ತೆ.”

“ಆಫೀಸಲ್ಲಿ ನನ್ನ ಮೇಜಿನ ಮೇಲೇ ಚಾರ್ಜರ್ ಇದೆ.”

“ಎಲ್ಲರಿಗೂ ಆ ಭಾಗ್ಯ ಇರಲ್ಲಮ್ಮ. ಹೊಲಿಗೆ ಮಿಷನ್ ಮುಂದೆ ಕೂತೋರು ಏನು ಮಾಡ್ಬೇಕು?”

“ನಾನು ಯಾವತ್ತು ಹೊಲಿದೆ?”

“ಮಾತಿಗೆ ಹೇಳಿದೆ. ಕ್ಯಾಮೆರಾನೂ ಚೆನ್ನಾಗಿರಲಿ. ಹೊಲಿದ ಬಟ್ಟೆ ಫೋಟೋ ತೆಗೆದ್ರೆ ಎಳೆ ಎಳೆ ಕಾಣ್ಬೇಕು.”

ನಾದಿನಿ ತುಟಿ ಕಚ್ಚಿ ನಗು ತಡೆದಳು.

“ಸರಿ. ಕಪ್ಪು ಬಣ್ಣದ್ದು ತಗೋತೀನಿ.”

“ನೀಲಿ ತಗೋ.”

“ನೀಲಿ ನನಗೆ ಸೇರಲ್ಲ.”

“ನನಗೆ ಸೇರುತ್ತೆ.”

“ಅತ್ತಿಗೆ, ಕೊಳ್ತಿರೋದು ನಾನು!”

“ನೀನು ಬಿಟ್ಟಿದ್ದು ತಾನೆ ಯಾವಾಗಲೂ ನನಗೆ ಬರೋದು? ಹೋದ ಸಲ ನೀನು ಅಗ್ಗದ್ದು ತಂದೆ, ಇವತ್ತಿಗೂ ಅದರ ಜೊತೆ ಏಗ್ತಿರೋಳು ನಾನು. ಈ ಸಲದ್ದನ್ನಂತೂ ನೀರಿಗೇ ಹಾಕಿಬಿಟ್ಟೆ.”

ನಾದಿನಿ ಈಗ ಜೋರಾಗಿಯೇ ನಕ್ಕಳು.

“ಆಯ್ತು, ನೀಲೀನೇ ತಗೋಳೋಣ. ಫೋನು ನಿಮ್ಮದೇ. ಒಂದೆರಡು ವರ್ಷ ನಾನು ಬಳಸಿ ಕೊಡ್ತೀನಿ, ಆಗಬಹುದಾ?”

ಅಂಗಡಿಯ ಸ್ಟಾಪ್ ಬಂತು. ಅತ್ತಿಗೆ ಚೀಲ ಹೆಗಲಿಗೇರಿಸಿ ಮುಂದೆ ನಡೆದಳು. ಇಳಿಯುವ ಮೆಟ್ಟಿಲಲ್ಲಿ ನಿಂತು ತಿರುಗಿದಳು.

“ಧಾರಾಳವಾಗಿ ಬಳಸು. ನನ್ನ ಫೋನನ್ನ ಬಚ್ಚಲಿಗೆ ಮಾತ್ರ ತಗೊಂಡು ಹೋಗ್ಬೇಡ.”