ಐದನೆಯ ಎಲೆ

ಮಹಾಲಯ ಅಮಾವಾಸ್ಯೆಯ ಸಂಜೆ. ಪುಣೆಯ ಮಗರಪಟ್ಟಾದ ನಮ್ಮ ಕಟ್ಟಡದಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಲಿಫ್ಟ್ ನಿಂತಿತ್ತು. ಮೆಟ್ಟಿಲು ಹತ್ತಲಾರದ ನಾವೆಲ್ಲ ನೆಲಮಹಡಿಯ ಅಂಬಾಬಾಯಿಯವರ ಮನೆಯಲ್ಲಿ ಸೇರಿದ್ದೆವು. ಹೊರಗೆ ಜಡಿಮಳೆ. ಅವರ ಯಜಮಾನರು ಸದಾನಂದರಾಯರು ಯುದ್ಧದಲ್ಲಿ ಶತ್ರುಗಳ ಐದು ವಿಮಾನ ಉರುಳಿಸಿದ ಪೈಲಟ್. ತೀರಿಕೊಂಡು ಈಗಷ್ಟೇ ವರ್ಷ ತುಂಬಿತ್ತು. ಗೋಡೆಯ ಫೋಟೋ ನೋಡಿ, ನಮ್ಮೊಡನಿದ್ದ ಹುಡುಗಿ ಅನುಜಾ ಅವರ ಶೌರ್ಯದ ಕತೆ ಕೇಳಿದಳು. ಅಂಬಾಬಾಯಿ ಅಜ್ಜಿಗೆ ಸಿಟ್ಟೇ ಬಂತು.

"ಶೌರ್ಯ ಪೇಪರಿನ್ಯಾಗ ಓದ್ಕೋ ಹೋಗು. ನಾ ಹೇಳೋದು ಬ್ಯಾರೆ ಅದ... ಕೇಳ್ರಿ. ಆಕಾಶದಾಗ ಹುಲಿಯಾಗಿದ್ದವ್ರು ಮನ್ಯಾಗ ನಿದ್ದಿ ಇಲ್ಲದ ಹೊರಳಾಡ್ತಿದ್ರು. ವಿಮಾನ ಬಿತ್ತು ಅಂತ ಜನ ಚಪ್ಪಾಳಿ ಹೊಡದ್ರು, ಖರೆ ಒಳಗೊಬ್ಬ ತಾಯಿ ಮಗ ಇದ್ನಲ್ಲ? ಅದಕ್ಕ ಪ್ರತಿ ವರ್ಷ ಈ ಅಮಾಸಿಗೆ, ಹಿರ್ಯಾರ ಎಲಿ ಜೋಡಿ ಆ ಐದು ಮಂದಿಗೂ ಹೊರಗಿನ ಈ ಗ್ಯಾಲರಿಯೊಳಗ ಎಲಿ ಹಾಕ್ತಿದ್ರು. ಹೆಸರು ಗೊತ್ತಿಲ್ಲ, ಕುಲ ಗೊತ್ತಿಲ್ಲ. ಭಟ್ರು ಬೈದ್ರು, ನಮ್ಮತ್ತಿ ಅತ್ರು... ಇವ್ರು ಕೇಳಲಿಲ್ಲ.

ಕಾಗಿ ಬಂದು ನಾಕು ಎಲಿ ಮುಟ್ಟತಿತ್ತು. ಐದನೇದಕ್ಕ ಬಾಯಿ ಹಾಕ್ತಿರಲಿಲ್ಲ. ಆ ಐದನೇಯವ ಮೋಡದಾಗ ಬಿದ್ದು ಕಾಣದಂಗಾಗಿದ್ದ. ಅವ ನನ್ನ ಕ್ಷಮಿಸಿಲ್ಲ ಅಂತ ಇವ್ರು ಕೊರಗಿ ಕೊರಗಿ ಸಣ್ಣಾದ್ರು.

ಒಂದು ವರ್ಷ, ಹಿಂಗ ಮಳಿ, ನಡುಮಧ್ಯಾಹ್ನ, ಬಾಗಿಲಿಗೆ ಒಬ್ಬ ಮುದುಕ ಬಂದ. ಮೈಮ್ಯಾಲೆ ಒಂದು ಹನಿ ನೀರಿಲ್ಲ! ಅಮಾಸಿ ದಿನ ಬಂದವ್ರ ಹೆಸರು ಕೇಳೂದುಂಟೇನು? ಮೊದಲು ಬಡಸಬೇಕು. ಅವ ನೆಟ್ಟಗ ಹೋಗಿ ಐದನೇ ಎಲಿ ಮುಂದ ಕುಂತ. ಉಂಡು, ಹಿಂದಿಯೊಳಗ ಅಂದ... 'ಪ್ಯಾರಾಶೂಟ್ ಬಿಚ್ಚಿತ್ತು, ನಾ ಬದುಕಿದ್ದೆ. ನೀವು ಕರದಾಗೆಲ್ಲಾ ನನ್ನ ಬಾಯಾಗಿನ ಅನ್ನ ಮಣ್ಣಾಗ್ತಿತ್ತು. ನಿನ್ನಿ ಸತ್ತೆ. ಇವತ್ತು ಬಂದೆ.'

ಬದುಕಿದ್ದವನ ತಿಥಿ ಮಾಡಿದ್ರಲ್ಲ, ನಾ ತಪ್ಪಾತು ಅಂತ ಕೈ ಮುಗದೆ. ಇವ್ರು ಮಾತ್ರ ಕೂಸಿನ್ಹಂಗ ಅತ್ರು. 'ಇವನ್ನ ನಾ ಕೊಂದಿಲ್ಲ ಅಂಬಾ, ಕೊಂದಿಲ್ಲ,' ಅಂದ್ರು. ಆ ಖುಷಿಯೊಳಗ, ಈ ದಿನ ಉಂಡು ಹೊಂಟವರಿಗೆ ಯಾರೂ ಅನ್ನಬಾರದ ಮಾತು ಅಂದುಬಿಟ್ರು... 'ಮತ್ತ ಬರ್ರಿ.'

ಬರ್ತಾನ್ರಿ. ಪ್ರತಿ ವರ್ಷ ಬರ್ತಾನ. ಇವ್ರು ಹೋದಮ್ಯಾಲೆ ಇವ್ರ ಹೆಸರಿನ ಎಲಿ ಇವತ್ತ ಮೊದಲನೇ ಸಲ ಹಾಕಿದೆ. ಅವ ಇವ್ರ ಹೆಗಲ ಮ್ಯಾಲೆ ಕೈ ಹಾಕ್ಕೊಂಡು ಬಂದ. ಇಬ್ರೂ ಎಲಿ ಒಂದಕ್ಕೊಂದು ಹಚ್ಚಿ, ಇದೇ ಗ್ಯಾಲರಿಯೊಳಗ ಕುಂತು ಉಂಡ್ರು. ಹೋಗ್ರಿ ಅನ್ನಾಕ ನನಗ ಬಾಯಿ ಬರಲಿಲ್ಲ..."

ಅನುಜಾ ಗ್ಯಾಲರಿಯ ಬಾಗಿಲು ಮುಚ್ಚಲು ಎದ್ದಳು. ಇರಚಲು ಒಳಗೆ ಬರುತ್ತಿತ್ತು.

"ಬ್ಯಾಡವಾ," ಎಂದರು ಅಂಬಾಬಾಯಿ. "ಇನ್ನೂ ಎದ್ದಿಲ್ಲ ಅವ್ರು."